‘ಗೊತ್ತಿಲ್ಲ’ ಅಂದಿದ್ದರೂ ಸಾಕಿತ್ತು

2018ರ ಜುಲೈ 18, ಬುಧವಾರ. ಬೆಳಗ್ಗೆ ಆರು ಗಂಟೆಗೆಲ್ಲ ಕೆನಡಾದ ಮಿಸಿಸಾಗಾದ ನಮ್ಮ ಬಾಡಿಗೆ ಮನೆಯಲ್ಲಿ ಯಾರೋ ಹೋಗಿಬಿಟ್ಟ ಸುದ್ದಿ ಬಂದ ಹಾಗೆ ಕೂಗಾಟ. ಕಣ್ಣುಜ್ಜಿಕೊಂಡು ಹಾಲ್‌ಗೆ ಬಂದು ನೋಡಿದರೆ ಹುಬ್ಬಳ್ಳಿ ಸೋಫಾ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದ.

ಹುಬ್ಬಳ್ಳಿ ಅಂದರೆ ಇಲ್ಲಿ ಊರಲ್ಲ, ನನ್ನ ರೂಮ್‌ಮೇಟ್. ಪರದೇಶಕ್ಕೆ ಬಂದ ಮೇಲೆ ನಮ್ಮ ಹೆಸರುಗಳೆಲ್ಲ ಊರಿನ ಹೆಸರಾಗಿಬಿಟ್ಟಿದ್ದವು. ಅವನು ಹುಬ್ಬಳ್ಳಿ, ನಾನು ಮೈಸೂರು.

‘ಏನಾಯ್ತೋ?’ ಅಂದೆ.

‘ಮಾರಿಬಿಟ್ರಲೇ! ಡಿರೋಜನ್‌ನ ಮಾರಿಬಿಟ್ರು!’

ಡಿಮಾರ್ ಡಿರೋಜನ್ ನಮ್ಮ ಟೊರಾಂಟೊ ರ‍್ಯಾಪ್ಟರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಮನೆಮಗ. ಅವನನ್ನು ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡಕ್ಕೆ ಕೊಟ್ಟು, ಬದಲಿಗೆ ಕವಾಯ್ ಲೆನರ್ಡ್‌ನನ್ನು ತರಿಸಿಕೊಂಡಿದ್ದರು. ನಾನು ಹುಬ್ಬಳ್ಳಿ ಕೈಯಿಂದ ಫೋನ್ ಕಿತ್ತುಕೊಂಡು ಓದಿದೆ. ಓದಿ ಮುಗಿಸಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, ‘ಸೂಪರ್ ಡೀಲ್ ಗುರು!’

ಅವನು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ.

‘ಒಂಬತ್ತ್ ವರ್ಷ ದುಡದಾನ್ಲೇ ಆ ಮನಷ್ಯಾ. ಎಲ್ಲಾರೂ ಈ ಊರ್ ಬಿಟ್ಟು ಓಡಿ ಹೋಗೂ ಮುಂದ, ನಾ ಅದೀನಿ ಅಂತ ನಿಂತಾವ. ನಿನಗ ಅದು ಡೀಲ್ ಅನ್ನಸ್ತದ?’

ಅವತ್ತು ಅವನು ತಿಂಡಿ ತಿನ್ನಲಿಲ್ಲ. ನಾನು ಎರಡು ಪ್ಲೇಟ್ ಉಪ್ಪಿಟ್ಟು ತಿಂದು ಆಫೀಸಿಗೆ ಹೋದೆ.

* * *

ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡದವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಐಪಿಎಲ್ ಹರಾಜು ನಿಮಗೆ ಗೊತ್ತು. ಒಂದೆರಡು ದಿನದ ಸಂತೆ ಅದು. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಸಂತೆ ಇಡೀ ಬೇಸಿಗೆ ನಡೆಯುತ್ತದೆ. ಜೂನ್‌ನಲ್ಲಿ ಫೈನಲ್ ಮುಗಿಯುತ್ತೆ. ಅದಾದ ಮೇಲೆ ಆಟವೇ ಇಲ್ಲ. ಆದರೆ ನಮ್ಮಂಥ ಅಭಿಮಾನಿಗಳಿಗೆ ನಿಜವಾದ ಹಬ್ಬ ಶುರುವಾಗುವುದೇ ಆಗ. ಯಾರು ಯಾವ ತಂಡಕ್ಕೆ, ಎಷ್ಟು ದುಡ್ಡಿಗೆ, ಎಷ್ಟು ವರ್ಷಕ್ಕೆ ಅಂತ ಹಗಲು ರಾತ್ರಿ ವಾದ.

ಆಟಗಾರ ತಂಡ ಬದಲಿಸುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಪ್ಪಂದ ಮುಗಿದವನು ‘ಫ್ರೀ ಏಜೆಂಟ್’ ಆಗುತ್ತಾನೆ. ತನಗಿಷ್ಟ ಬಂದ ತಂಡದ ಜೊತೆ ಮಾತಾಡಬಹುದು. ಇದು ಅವನ ಹಕ್ಕು. ಇದೇನೂ ಸುಮ್ಮನೆ ಸಿಕ್ಕಿದ್ದಲ್ಲ. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ ಹೆಸರಿನಲ್ಲಿ 1970ರಲ್ಲಿ ಕೋರ್ಟಿಗೆ ಹೋಗಿ, 1976ರಲ್ಲಿ ರಾಜಿಯಾಗಿ, ಪೂರ್ತಿ ಸ್ವಾತಂತ್ರ್ಯ ಕೈಗೆ ಬರುವಷ್ಟರಲ್ಲಿ 1988 ಆಗಿತ್ತು.

ಇನ್ನೊಂದು ದಾರಿ ‘ಟ್ರೇಡ್’. ಒಪ್ಪಂದ ಇನ್ನೂ ಚಾಲ್ತಿಯಲ್ಲಿರುವಾಗಲೇ ತಂಡ ಅವನನ್ನು ಇನ್ನೊಂದು ತಂಡಕ್ಕೆ ಸಾಗಿಸಬಹುದು. ಬೆರಳೆಣಿಕೆಯ ಕೆಲವರನ್ನು ಬಿಟ್ಟರೆ ಯಾರ ಒಪ್ಪಂದದಲ್ಲೂ ‘ನನ್ನನ್ನು ಕೇಳದೆ ಕಳಿಸಬಾರದು’ ಅನ್ನುವ ಷರತ್ತು ಇರುವುದಿಲ್ಲ. ಬೆಳಗ್ಗೆ ಎದ್ದಾಗ ಒಂದು ಊರು, ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಊರು. ಮನೆ, ಮಕ್ಕಳ ಶಾಲೆ, ಎಲ್ಲ ಆಮೇಲೆ.

ಈ ಲೆಕ್ಕಾಚಾರವನ್ನೆಲ್ಲ ನನಗೆ ಕಲಿಸಿದವರು ನನ್ನ ಆಫೀಸಿನ ಹಿರಿಯ ಸಹೋದ್ಯೋಗಿ. ಜಾಫ್ನಾ ಕಡೆಯ ತಮಿಳರು, ನಾನು ಹುಟ್ಟುವ ಮುಂಚೆಯೇ ಟೊರಾಂಟೊಗೆ ಬಂದು ಸ್ಕಾರ್ಬರೊದಲ್ಲಿ ನೆಲೆಸಿದವರು. ತಮಿಳಿನ ಅಣ್ಣನೂ ಕನ್ನಡದ ಅಣ್ಣನೂ ಒಂದೇ ಆದ್ದರಿಂದ ಮೊದಲ ವಾರದಿಂದಲೇ ಅವರು ನನಗೆ ಅಣ್ಣ, ನಾನು ಅವರಿಗೆ ತಂಬಿ. ಉಳಿದ ಮಾತೆಲ್ಲ ಇಂಗ್ಲಿಷು.

ನಾನು ಸೇರಿದ ಹೊಸದರಲ್ಲಿ ಒಂದು ರಿಲೀಸ್ ಕೆಟ್ಟು ರಾತ್ರಿ ಹನ್ನೊಂದಕ್ಕೆ ಕೈಕಾಲು ನಡುಗುತ್ತಾ ಕೂತಿದ್ದಾಗ, ಕೋಟು ಹಾಕಿಕೊಂಡು ಮನೆಗೆ ಹೊರಟಿದ್ದವರು ಕೋಟು ತೆಗೆದಿಟ್ಟು ಪಕ್ಕದಲ್ಲಿ ಕೂತರು. ಎರಡೂವರೆಗೆ ಸರಿಹೋಯಿತು. ಮರುದಿನ ಬಾಸ್ ಕೇಳಿದಾಗ, ‘ಹುಡುಗನೇ ಸರಿ ಮಾಡಿದ’ ಅಂದರು.

ಅಣ್ಣ ರ‍್ಯಾಪ್ಟರ್ಸ್ ತಂಡವನ್ನು 1995ರಿಂದ, ಅಂದರೆ ತಂಡ ಹುಟ್ಟಿದ ವರ್ಷದಿಂದ ನೋಡುತ್ತಾ ಬಂದವರು. ಆಗ ತಂಡಕ್ಕೆ ಸ್ವಂತ ಅಂಗಳವೂ ಇರಲಿಲ್ಲ, ಸ್ಕೈಡೋಮ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಆಡುತ್ತಿದ್ದರಂತೆ. ಟ್ರೇಸಿ ಮೆಕ್‌ಗ್ರೇಡಿ 2000ದಲ್ಲಿ ಬಿಟ್ಟುಹೋದದ್ದು, ವಿನ್ಸ್ ಕಾರ್ಟರ್‌ನನ್ನು 2004ರಲ್ಲಿ ಕಳಿಸಿದ್ದು, ಕ್ರಿಸ್ ಬಾಶ್ 2010ರಲ್ಲಿ ಮಯಾಮಿಗೆ ಹೊರಟಿದ್ದು, ಎಲ್ಲವನ್ನೂ ಅವರು ಮನೆಯ ಸಾವು ನೋವಿನ ಹಾಗೆ ವರ್ಷ ಸಮೇತ ಹೇಳುತ್ತಿದ್ದರು. ಒಳ್ಳೆಯ ಆಟಗಾರ ಬರುತ್ತಾನೆ, ಬೆಳೆಯುತ್ತಾನೆ, ಹೋಗುತ್ತಾನೆ. ಟೊರಾಂಟೊ ಅಂದರೆ ಬಸ್ ಬದಲಿಸುವ ನಿಲ್ದಾಣ ಅನ್ನುವ ಹಾಗಾಗಿತ್ತು.

ಅದಕ್ಕೇ ಡಿರೋಜನ್ ಬೇರೆ ಥರ. 2009ರಲ್ಲಿ ತಂಡ ಆರಿಸಿಕೊಂಡಾಗ ಅವನು ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನ ಹುಡುಗ. ಮರುವರ್ಷ ಬಾಶ್ ಹೋದಾಗ, ಚಿಂತೆ ಬೇಡ, ನಾನಿದ್ದೇನೆ ಅಂತ ಟ್ವೀಟ್ ಮಾಡಿದ. ಮಾತು ಉಳಿಸಿಕೊಂಡ ಕೂಡ. 2016ರಲ್ಲಿ ಒಪ್ಪಂದ ಮುಗಿದು ಎಲ್ಲಿ ಬೇಕಾದರೂ ಹೋಗಬಹುದಾಗಿದ್ದಾಗ ಬೇರೆ ತಂಡದ ಬಾಗಿಲು ತಟ್ಟದೆ 5 ವರ್ಷಕ್ಕೆ 13.9 ಕೋಟಿ ಡಾಲರ್‌ಗೆ ಇಲ್ಲೇ ಸಹಿ ಹಾಕಿದ. 2018ರ ಫೆಬ್ರವರಿಯಲ್ಲಿ ತನಗೆ ಖಿನ್ನತೆ ಇದೆ ಅಂತ ಬಹಿರಂಗವಾಗಿ ಹೇಳಿಕೊಂಡ. ಆರಡಿ ಆರಂಗುಲದ ಗಟ್ಟಿ ಗಂಡಸು ಹಾಗೆ ಹೇಳಿದ್ದು ಆ ಆಟದ ಲೋಕದಲ್ಲಿ ಸಣ್ಣ ವಿಷಯವಾಗಿರಲಿಲ್ಲ. ಹುಬ್ಬಳ್ಳಿ ಅವನನ್ನು ಹಚ್ಚಿಕೊಂಡಿದ್ದು ಆಮೇಲೆ. ಯಾಕೆ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆದರೆ ನನ್ನ ವಾದಕ್ಕೂ ಬಲ ಇತ್ತು. 2016, 2017, 2018, ಮೂರು ವರ್ಷ ಸಾಲಾಗಿ ಲೆಬ್ರಾನ್ ಜೇಮ್ಸ್‌ನ ಕ್ಲೀವ್‌ಲ್ಯಾಂಡ್ ನಮ್ಮನ್ನು ಮನೆಗೆ ಕಳಿಸಿತ್ತು. ಕೊನೆಯ ಎರಡು ಸಲವಂತೂ ಒಂದೂ ಪಂದ್ಯ ಗೆಲ್ಲದೆ 4-0. ಅದೂ 2018ರಲ್ಲಿ 59 ಪಂದ್ಯ ಗೆದ್ದು ಪೂರ್ವ ವಿಭಾಗದಲ್ಲಿ ಮೊದಲ ಸ್ಥಾನದಲ್ಲಿದ್ದಾಗ! ಕೋಚ್ ಡ್ವೇನ್ ಕೇಸಿಯನ್ನು ಮೇ ತಿಂಗಳಲ್ಲಿ ತೆಗೆದುಹಾಕಿದರು. ಜೂನ್‌ನಲ್ಲಿ ಅದೇ ಕೇಸಿಗೆ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿ ಬಂತು. ಆ ಬೇಸಿಗೆಯಲ್ಲಿ ಲೆಬ್ರಾನ್ ಪಶ್ಚಿಮದ ಲಾಸ್ ಏಂಜಲೀಸ್‌ಗೆ ಹೋಗಿದ್ದರಿಂದ ಪೂರ್ವದಲ್ಲಿ ಬಾಗಿಲು ತೆರೆದಿತ್ತು. ಇನ್ನೂ ಒಂದು ಹೆಜ್ಜೆ ಹಾಕದಿದ್ದರೆ ಯಾವಾಗ?

ಅವತ್ತು ಮಧ್ಯಾಹ್ನ ಊಟದ ಕೋಣೆಯಲ್ಲಿ ಅಣ್ಣ ತಮ್ಮ ಡಬ್ಬಿ, ನನ್ನ ಡಬ್ಬಿ ಎದುರುಬದುರು ಇಟ್ಟು ಲೆಕ್ಕ ತೋರಿಸಿದರು. ಸಂಬಳದ ಮಿತಿ ದಾಟಿದ ತಂಡಗಳು ಒಬ್ಬನನ್ನು ಕೊಟ್ಟು ಒಬ್ಬನನ್ನು ತರುವಾಗ ಸಂಬಳದ ತೂಕ ಹೆಚ್ಚುಕಡಿಮೆ ಸರಿಹೋಗಬೇಕು. ಡಿರೋಜನ್‌ನ ವರ್ಷದ ಸಂಬಳ ಸುಮಾರು 2.77 ಕೋಟಿ ಡಾಲರ್. ಲೆನರ್ಡ್‌ನದು ಸುಮಾರು 2.31 ಕೋಟಿ. ಅದರ ಜೊತೆ ಆ ಕಡೆಯಿಂದ ಡ್ಯಾನಿ ಗ್ರೀನ್, ಈ ಕಡೆಯಿಂದ ಯಾಕಬ್ ಪೋಲ್ಟಲ್ ಮತ್ತೆ 2019ರ ಹೊಸ ಆಟಗಾರರ ಆಯ್ಕೆಯಲ್ಲಿ ಒಂದು ಅವಕಾಶ.

‘ಲೆನರ್ಡ್ ಹೋದ ಸೀಸನ್ ಆಡಿದ್ದು ಒಂಬತ್ತೇ ಪಂದ್ಯ. ಗಾಯ. ಒಪ್ಪಂದ ಉಳಿದಿರೋದು ಒಂದೇ ವರ್ಷ. ಆಮೇಲೆ ಹೊರಟುಹೋಗಬಹುದು. ಆದರೂ ಇದು ಸರಿಯಾದ ಟ್ರೇಡ್ ತಂಬಿ’ ಅಂದರು.

ನಾನು ಗೆದ್ದವನ ಹಾಗೆ ನಕ್ಕೆ. ‘ನನ್ನ ರೂಮ್‌ಮೇಟ್‌ಗೆ ಹೇಳಿ ಇದನ್ನ.’

ಅಣ್ಣ ಡಬ್ಬಿ ಮುಚ್ಚುತ್ತಾ ಹೇಳಿದರು: ‘ಟ್ರೇಡ್ ಸರಿ. ಆದರೆ ಆ ಹುಡುಗನಿಗೆ ಹೇಳಿದ ರೀತಿ ಸರಿಯಿಲ್ಲ.’

ಆ ವಿಷಯವೂ ಆಗ ದೊಡ್ಡ ಚರ್ಚೆಯಾಗಿತ್ತು. ಅದೇ ತಿಂಗಳು ಲಾಸ್ ವೇಗಸ್‌ನಲ್ಲಿ ಮಾತಾಡಿದಾಗ ಎಲ್ಲೂ ಕಳಿಸುವುದಿಲ್ಲ ಅಂದಿದ್ದರು ಅನ್ನುವುದು ಡಿರೋಜನ್‌ನ ನೋವು. ತಂಡದ ಮುಖ್ಯಸ್ಥ ಮಸಾಯಿ ಉಜಿರಿ ಒಂದೆರಡು ದಿನದಲ್ಲಿ ಪತ್ರಕರ್ತರ ಮುಂದೆ ಕೂತು ಅದಕ್ಕೆ ಕ್ಷಮೆ ಕೇಳಿದರು.

‘ಕ್ಷಮೆ ಕೇಳಿದರಲ್ಲ ಅಣ್ಣ, ಮುಗೀತು’ ಅಂದೆ.

‘ನೀನಿನ್ನೂ ಚಿಕ್ಕವನು’ ಅಂದರು, ಅಷ್ಟೇ.

* * *

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 2019ರ ಫೆಬ್ರವರಿ 22ರಂದು ಡಿರೋಜನ್ ಎದುರಾಳಿ ತಂಡದ ಅಂಗಿ ತೊಟ್ಟು ಟೊರಾಂಟೊಗೆ ಬಂದ. ದೊಡ್ಡ ಪರದೆಯ ಮೇಲೆ ಅವನ ಒಂಬತ್ತು ವರ್ಷದ ಚಿತ್ರಗಳನ್ನು ತೋರಿಸಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಟಿವಿ ಮುಂದೆ ಹುಬ್ಬಳ್ಳಿಯೂ ಎದ್ದು ನಿಂತ, ರಾಷ್ಟ್ರಗೀತೆಗೆ ನಿಂತ ಹಾಗೆ. ಆ ಪಂದ್ಯದ ಕೊನೆ ಮಾತ್ರ ಕ್ರೂರ. ಕೆಲವೇ ಸೆಕೆಂಡು ಉಳಿದಿರುವಾಗ ಡಿರೋಜನ್ ಕೈಯಿಂದ ಚೆಂಡು ಕಿತ್ತುಕೊಂಡು ಓಡಿ ಬುಟ್ಟಿಗೆ ಹಾಕಿದ್ದು ಯಾರು ಅಂತೀರಿ? ಲೆನರ್ಡ್. 120-117ಕ್ಕೆ ನಾವೇ ಗೆದ್ದೆವು. ನಾನು ಕುಣಿದೆ. ಹುಬ್ಬಳ್ಳಿ ಟಿವಿ ಆಫ್ ಮಾಡಿದ.

ಮೇ 12ರಂದು ಫಿಲಡೆಲ್ಫಿಯಾ ವಿರುದ್ಧ ಏಳನೇ ಪಂದ್ಯ. ಕೊನೆಯ ಕ್ಷಣದಲ್ಲಿ ಲೆನರ್ಡ್ ಮೂಲೆಯಿಂದ ಎಸೆದ ಚೆಂಡು ರಿಂಗಿನ ಮೇಲೆ ಒಂದು, ಎರಡು, ಮೂರು, ನಾಲ್ಕು ಸಲ ಪುಟಿದು ಒಳಗೆ ಬಿತ್ತು. 92-90. ಅವತ್ತು ನಾವಿಬ್ಬರೂ ಜಗಳ ಮರೆತು ತಬ್ಬಿಕೊಂಡಿದ್ದೆವು. ಜೂನ್ 13ರಂದು ಓಕ್ಲಂಡ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವನ್ನು 114-110ರಲ್ಲಿ ಸೋಲಿಸಿ ರ‍್ಯಾಪ್ಟರ್ಸ್ ಮೊದಲ ಸಲ ಚಾಂಪಿಯನ್ ಆಯಿತು. 1995ರ ಮೊದಲ ಪಂದ್ಯದಿಂದ ತವರಿನ ಒಂದೂ ಪಂದ್ಯ ತಪ್ಪಿಸದ, ನಮ್ಮೆಲ್ಲರ ಹೆಮ್ಮೆಯ ಸರ್ದಾರ್ಜಿ ನವ್ ಭಾಟಿಯಾ ಅವರಿಗೂ ಆಟಗಾರರ ಹಾಗೇ ಚಾಂಪಿಯನ್ ಉಂಗುರ ಸಿಕ್ಕಿತು. ಮೆರವಣಿಗೆಯ ದಿನ ಅಣ್ಣ ರಜೆ ಹಾಕಿದ್ದರು. ಅವರು ರಜೆ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಬೇಸಿಗೆಯ ಜುಲೈನಲ್ಲೇ ಲೆನರ್ಡ್ ಹೊರಟುಹೋದ. ತನ್ನೂರು ಲಾಸ್ ಏಂಜಲೀಸ್‌ನ ಕ್ಲಿಪ್ಪರ್ಸ್‌ಗೆ.

‘ನೋಡಪಾ, ಬಂದಾ, ಹೋದಾ’ ಅಂದ ಹುಬ್ಬಳ್ಳಿ.

‘ಒಂದು ವರ್ಷ, ಒಂದು ಕಪ್. ಲೆಕ್ಕ ಸರಿಹೋಯ್ತು’ ಅಂದೆ.

ಹಾಗೆ ನಾನು ನಮ್ಮ ಗುಂಪಿನ ಲೆಕ್ಕದ ಮನುಷ್ಯನಾದೆ. ಯಾವ ಟ್ರೇಡ್ ಬಂದರೂ ಭಾವನೆ ಬದಿಗಿಟ್ಟು ನೋಡುವವನು. ಇವನಿಗೆ ವಯಸ್ಸಾಯಿತು, ಬಿಡಿ. ಅವನ ಒಪ್ಪಂದ ಭಾರ, ಸಾಗಿಸಿ. ಇವನು ಒಳ್ಳೆಯವನು ನಿಜ, ಆದರೆ ಈ ದುಡ್ಡಿಗಲ್ಲ. ಹೇಳುವುದು ಎಷ್ಟು ಸುಲಭ! ಸಾಗಿಸಿಕೊಂಡವನ ಮುಖ ನಾವು ನೋಡಬೇಕಾಗಿಲ್ಲವಲ್ಲ.

2021ರಲ್ಲಿ ಹುಬ್ಬಳ್ಳಿ ಹೆಚ್ಚು ಸಂಬಳಕ್ಕೆ ಕೆಲಸ ಬದಲಿಸಿ ವ್ಯಾಂಕೂವರ್‌ಗೆ ಹೊರಟ. ಏರ್‌ಪೋರ್ಟ್‌ನಲ್ಲಿ ಕಾಲೆಳೆದೆ, ‘ನಿಷ್ಠೆ ನಿಷ್ಠೆ ಅಂತಿದ್ದೆ, ಈಗ ನೀನೇ ಫ್ರೀ ಏಜೆಂಟ್!’

ಅವನು ಬ್ಯಾಗ್ ಎತ್ತಿಕೊಳ್ಳುತ್ತಾ ಹೇಳಿದ: ‘ನಾ ಹೇಳಿ ಹೊಂಟೀನಪಾ. ಎರಡ ತಿಂಗಳ ಮೊದಲ, ಮ್ಯಾನೇಜರ್ ಮಾರಿ ನೋಡಿ ಹೇಳೀನಿ. ಅದು ಬ್ಯಾರೆ, ಇದು ಬ್ಯಾರೆ.’

* * *

ಅದೇ ವರ್ಷ ನಾನು ಟೀಮ್ ಲೀಡ್ ಆದೆ. ಅಣ್ಣ ನನ್ನ ಕೈಕೆಳಗೆ ಬಂದರು. ಅವರಿಗೆ ಅದರಲ್ಲಿ ಏನೂ ಬೇಸರವಿರಲಿಲ್ಲ. ಇತ್ತೋ ಏನೋ, ತೋರಿಸಲಿಲ್ಲ.

2022ರ ಡಿಸೆಂಬರ್. ನನ್ನ ಮೇಲಿನವರು ಕರೆದು ಒಂದು ಶೀಟ್ ಕೊಟ್ಟರು. ಟೀಮಿನ ಹನ್ನೊಂದು ಜನರನ್ನು ಮೇಲಿನಿಂದ ಕೆಳಕ್ಕೆ ಜೋಡಿಸಬೇಕು. ‘ಬರೀ ಪ್ಲಾನಿಂಗ್, ಯಾರಿಗೂ ಹೇಳಬೇಡ’ ಅಂದರು. ಬರೀ ಪ್ಲಾನಿಂಗ್ ಅಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಚಳಿಗಾಲ ಸಾಫ್ಟ್‌ವೇರ್ ಲೋಕದಲ್ಲಿ ದಿನಕ್ಕೊಂದು ಲೇಆಫ್ ಸುದ್ದಿ.

ಆ ರಾತ್ರಿ ಮನೆಯಲ್ಲಿ ಕೂತು ಶೀಟ್ ತುಂಬಿದೆ. ಸಂಬಳ ಎಷ್ಟು, ಕೆಲಸ ಎಷ್ಟು, ಹೊಸ ಟೆಕ್ನಾಲಜಿ ಬರುತ್ತಾ, ಇವರ ಬದಲಿಗೆ ಯಾರು. ಕೈ ಸರಾಗವಾಗಿ ಓಡಿತು. ಪ್ರತಿ ಜುಲೈನಲ್ಲೂ ಮಾಡುತ್ತಿದ್ದ ಕೆಲಸವೇ ತಾನೆ. ಸುಳ್ಳು ಹೇಳಬಾರದು, ಅರ್ಧ ಗಂಟೆ ನನಗೆ ಅದರಲ್ಲಿ ಒಂಥರಾ ಖುಷಿಯೂ ಇತ್ತು. ಹತ್ತನೇ ಸಾಲಿಗೆ ಬಂದಾಗ ಉಳಿದಿದ್ದು ಎರಡು ಹೆಸರು. ಒಂದು, ಆರು ತಿಂಗಳ ಹಿಂದೆ ಸೇರಿದ ಹುಡುಗಿ. ಚುರುಕು, ಕಡಿಮೆ ಸಂಬಳ. ಇನ್ನೊಂದು, ಅಣ್ಣ. ಟೀಮಿನಲ್ಲೇ ಹೆಚ್ಚು ಸಂಬಳ, ಅರವತ್ತರ ಹತ್ತಿರದ ವಯಸ್ಸು, ಅವರು ನೋಡಿಕೊಳ್ಳುತ್ತಿದ್ದ ಹಳೆಯ ಸಿಸ್ಟಮ್ ಮುಂದಿನ ವರ್ಷ ಮುಚ್ಚುವುದಿತ್ತು.

ಹನ್ನೊಂದನೇ ಸಾಲಿನಲ್ಲಿ ಅಣ್ಣನ ಹೆಸರು ಬರೆದೆ. ಬೆಳಗ್ಗೆ ಕಳಿಸಿದೆ.

ಎರಡು ದಿನ ಬಿಟ್ಟು ಊಟದ ಕೋಣೆಯಲ್ಲಿ ಅಣ್ಣ ಎಂದಿನ ಹಾಗೆ ಎದುರು ಕೂತರು. ಆ ವರ್ಷ ರ‍್ಯಾಪ್ಟರ್ಸ್ ತಂಡವನ್ನು ಒಡೆಯಬೇಕೋ ಉಳಿಸಿಕೊಳ್ಳಬೇಕೋ ಅಂತ ಮಾತಾಡುತ್ತಿದ್ದವರು ನಡುವೆ ತಟ್ಟನೆ ಕೇಳಿದರು, ‘ತಂಬಿ, ಎಲ್ಲ ಕಡೆ ಏನೇನೋ ಕೇಳ್ತಾ ಇದೀವಿ. ನಮ್ಮ ಟೀಮ್‌ದು ಏನಾದರೂ ಇದೆಯಾ?’

‘ಇಲ್ಲಣ್ಣ. ನಮ್ಮದು ಸೇಫ್’ ಅಂದೆ.

ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ, ಮುಖ ಬಿಳಿಚಿಕೊಳ್ಳಲಿಲ್ಲ. ಆರಾಮವಾಗಿ ಅಂದೆ.

2023ರ ಜನವರಿಯ ಒಂದು ಬೆಳಗ್ಗೆ ಅಣ್ಣನಿಗೆ ಹದಿನೈದು ನಿಮಿಷದ ಮೀಟಿಂಗ್ ಬಂತು. ಮೀಟಿಂಗ್ ಮುಗಿಯುವಷ್ಟರಲ್ಲಿ ಅವರ ಲಾಗಿನ್ ನಿಂತಿತ್ತು. ಚಾಟ್‌ನಲ್ಲಿ ಅವರ ಹೆಸರಿನ ಪಕ್ಕದ ಹಸಿರು ಚುಕ್ಕಿ ಬೂದಿಯಾದದ್ದನ್ನು ನಾನು ಮನೆಯಿಂದ ನೋಡಿದೆ. ಅವತ್ತು ನಾನು ಮನೆಯಿಂದ ಕೆಲಸ ಮಾಡುತ್ತಿದ್ದೆ. ಅದು ಆಕಸ್ಮಿಕವಲ್ಲ. ದಿನಾಂಕ ಗೊತ್ತಿದ್ದೇ ಹಾಗೆ ಮಾಡಿದ್ದೆ.

ಅವತ್ತು ಯಾರೂ ಸಂಪರ್ಕ ಮಾಡಬಾರದು ಅಂತ ಸೂಚನೆ ಇತ್ತು. ಮಾರನೇ ದಿನಕ್ಕೆ ಆ ಸೂಚನೆ ಅನ್ವಯಿಸುತ್ತಿರಲಿಲ್ಲ. ಮಾರನೇ ದಿನ ಮೆಸೇಜ್ ಟೈಪ್ ಮಾಡಿ ಅಳಿಸಿದೆ. ವಾರ ಕಳೆಯಿತು. ತಿಂಗಳಾಯಿತು. ಒಂದು ತಿಂಗಳು ಸುಮ್ಮನಿದ್ದವನು ಆಮೇಲೆ ಏನಂತ ಫೋನ್ ಮಾಡುವುದು? ತಡವಾದಷ್ಟೂ ನಾಚಿಕೆಗೆ ಬಡ್ಡಿ ಬೆಳೆಯುತ್ತೆ. ಉಜಿರಿ ಅಷ್ಟು ಜನ ಪತ್ರಕರ್ತರ ಮುಂದೆ ಕೂತು ಕ್ಷಮೆ ಕೇಳಿದ್ದನ್ನು ನಾನು ‘ಮುಗೀತು’ ಅಂತ ಒಂದೇ ಮಾತಲ್ಲಿ ತಳ್ಳಿಹಾಕಿದ್ದೆ. ಅದು ಎಷ್ಟು ದೊಡ್ಡ ಕೆಲಸ ಅಂತ ಆಗ ಗೊತ್ತಾಯಿತು. ನನಗೆ ಒಬ್ಬರ ಮುಂದೆ ಕೂರಲಿಕ್ಕೆ ಆಗಿರಲಿಲ್ಲ.

* * *

2025ರ ಫೆಬ್ರವರಿ 2. ಇಲ್ಲಿ ಮಧ್ಯರಾತ್ರಿ ದಾಟಿತ್ತು. ವ್ಯಾಂಕೂವರ್‌ನಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ ಒಂಬತ್ತೂವರೆ. ಹುಬ್ಬಳ್ಳಿ ಫೋನ್.

‘ಲೇ ಮೈಸೂರ, ಎದ್ದೇಳ್ಲೇ. ಲುಕಾನ್ನ ಲೇಕರ್ಸ್‌ಗೆ ಕೊಟ್ಟಬಿಟ್ರು!’

ಡಲ್ಲಸ್ ತಂಡದ ಲುಕಾ ಡಾನ್ಚಿಚ್. ವಯಸ್ಸು 25. ಏಳೆಂಟು ತಿಂಗಳ ಹಿಂದಷ್ಟೇ ತಂಡವನ್ನು ಫೈನಲ್‌ಗೆ ಕರೆದೊಯ್ದವನು. ಆ ಡಲ್ಲಸ್‌ನವರು ಅವನನ್ನು ಕೊಟ್ಟು ಲಾಸ್ ಏಂಜಲೀಸ್ ಲೇಕರ್ಸ್‌ನಿಂದ ಆ್ಯಂಟನಿ ಡೇವಿಸ್‌ನನ್ನು ತಂದಿದ್ದರು. ನಾನು ಅಭ್ಯಾಸಬಲದಿಂದ ಲೆಕ್ಕ ಶುರು ಮಾಡಿದೆ. ಡೇವಿಸ್‌ಗೆ ಆಗಲೇ ಮೂವತ್ತೊಂದು, ಗಾಯದ ಇತಿಹಾಸ, ಇದು ಯಾವ ಲೆಕ್ಕಕ್ಕೂ ಕೂಡಿಬರಲ್ಲ...

‘ಅದಿರ್ಲಿ ಬಿಡ್ಲೇ’ ಅಂದ ಹುಬ್ಬಳ್ಳಿ. ‘ಅವಂಗೇ ಗೊತ್ತಿರ್ಲಿಲ್ಲಂತ. ಊರಿಗೆಲ್ಲಾ ಗೊತ್ತಾಗೂ ಹೊತ್ತಿಗೆ ಅವಂಗ ಗೊತ್ತಾತಂತ. ಯಾರ್ ಒಬ್ರೂ ಮೊದಲ ಹೇಳಿಲ್ಲ.’

ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಆ ಭಾನುವಾರ ಬೆಳಗ್ಗೆ ಹತ್ತಕ್ಕೆ ಅಣ್ಣನ ನಂಬರ್ ಒತ್ತಿದೆ. ಎರಡು ವರ್ಷ ಒಂದು ತಿಂಗಳ ಮೇಲೆ.

ಮೂರನೇ ರಿಂಗ್‌ಗೆ ಎತ್ತಿದರು. ‘ತಂಬಿ, ಲುಕಾ ವಿಷಯ ನೋಡಿದೆಯಾ?’

ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟೆ. ಶೀಟ್ ತುಂಬಿದವನು ನಾನೇ ಅಂತ. ಡಿಸೆಂಬರ್‌ನಲ್ಲಿ ನೀವು ಕೇಳಿದಾಗ ನನಗೆ ಗೊತ್ತಿತ್ತು ಅಂತ. ಅವತ್ತು ಬೇಕಂತಲೇ ಆಫೀಸಿಗೆ ಬರಲಿಲ್ಲ ಅಂತ.

ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಕುಕ್ಕರ್ ಸೀಟಿ ಹೊಡೆದದ್ದು ಕೇಳಿಸಿತು.

‘ಪಟ್ಟಿ ನೀನೇ ಮಾಡಿದ್ದು ಅಂತ ನನಗೆ ಅವತ್ತೇ ಗೊತ್ತು’ ಅಂದರು. ‘ಇನ್ಯಾರು ಮಾಡ್ತಾರೆ? ಪಟ್ಟಿ ಸರಿಯಾಗೇ ಇತ್ತು. ನಿನ್ನ ಜಾಗದಲ್ಲಿ ನಾನಿದ್ದರೂ ನನ್ನ ಹೆಸರನ್ನೇ ಬರೀತಿದ್ದೆ.’

ನಾನು ಸುಮ್ಮನಿದ್ದೆ.

‘ಆದರೆ ತಂಬಿ, ನಾನು ನಿನ್ನ ಕೇಳಿದ್ದೆ. ನೀನು ಸೇಫ್ ಅಂದೆ. ಆ ವಾರವೇ ಮಗಳ ಮನೆ ಸಾಲಕ್ಕೆ ನಾನೂ ಸಹಿ ಹಾಕಿದೆ. ನಿನ್ನ ಮಾತು ಕೇಳಿಯೇ ಹಾಕಿದೆ ಅಂತ ಹೇಳಲ್ಲ. ಆದರೆ ಹಾಕುವಾಗ ನಿನ್ನ ಮಾತು ನೆನಪಿತ್ತು. ಎಂಟು ತಿಂಗಳು ಕೆಲಸ ಸಿಗಲಿಲ್ಲ.’ ಸ್ವರದಲ್ಲಿ ಸಿಟ್ಟೇ ಇರಲಿಲ್ಲ. ಅದೇ ಕಷ್ಟವಾಗಿತ್ತು. ‘ನೀನು ನಿಜ ಹೇಳಬೇಕಿತ್ತು ಅಂತ ನಾನು ಅನ್ನಲ್ಲ. ನಿನ್ನ ಕೆಲಸವೂ ಹೋಗ್ತಿತ್ತು. ಗೊತ್ತಿಲ್ಲ ಅಂದಿದ್ದರೂ ಸಾಕಿತ್ತು. ನನಗೆ ಅರ್ಥ ಆಗ್ತಿತ್ತು.’

‘ಸಿಗೋಣವಾ ಅಣ್ಣ? ಒಂದು ಸಲ ಮನೆಗೆ ಬರ್ತೀನಿ’ ಅಂದೆ.

‘ನೋಡೋಣ’ ಅಂದರು. ಇನ್ನೂ ಕರೆದಿಲ್ಲ.

* * *

ಈ ಆಟದಲ್ಲಿ ಒಂದು ವಿಚಿತ್ರ ಇದೆ. ಯಾವ ಟ್ರೇಡ್ ಸರಿ, ಯಾವುದು ತಪ್ಪು ಅನ್ನುವುದು ತೀರ್ಮಾನವಾಗಲಿಕ್ಕೆ ವರ್ಷಗಟ್ಟಲೆ ಬೇಕು. 2019ರಲ್ಲಿ ಲೆನರ್ಡ್ ಹೋದನಲ್ಲ, ಅವನ ಜೊತೆಗಾರನಾಗಿ ಪಾಲ್ ಜಾರ್ಜ್‌ನನ್ನು ತರಲು ಕ್ಲಿಪ್ಪರ್ಸ್ ಒಕ್ಲಹೋಮ ತಂಡಕ್ಕೆ ಮುಂದಿನ ಆಯ್ಕೆಗಳ ಒಂದು ಗಂಟು, ಅದರ ಜೊತೆ ಒಂದೇ ವರ್ಷ ಆಡಿದ್ದ ಒಬ್ಬ ತೆಳ್ಳನೆಯ ಹುಡುಗನನ್ನು ಕೊಟ್ಟಿತ್ತು. ಟೊರಾಂಟೊದಲ್ಲಿ ಹುಟ್ಟಿ, ಪಕ್ಕದ ಹ್ಯಾಮಿಲ್ಟನ್‌ನಲ್ಲಿ ಬೆಳೆದ ಶೇ ಗಿಲ್ಜಸ್ ಅಲೆಕ್ಸಾಂಡರ್. ಆಗ ಎಲ್ಲರೂ ಕ್ಲಿಪ್ಪರ್ಸ್ ಗೆದ್ದಿತು ಅಂದೆವು. ಮುಂದಿನ ಆರು ವರ್ಷದಲ್ಲಿ ಕ್ಲಿಪ್ಪರ್ಸ್‌ಗೆ ಒಂದೂ ಕಪ್ ಸಿಗಲಿಲ್ಲ. 2025ರ ಜೂನ್ 22ರಂದು ಒಕ್ಲಹೋಮ ಚಾಂಪಿಯನ್ ಆಯಿತು. ವರ್ಷದ ಶ್ರೇಷ್ಠ ಆಟಗಾರನೂ, ಫೈನಲ್‌ನ ಶ್ರೇಷ್ಠ ಆಟಗಾರನೂ ಅದೇ ಶೇ.

ಲೆಕ್ಕ ತಪ್ಪಬಹುದು, ಸರಿಯೂ ಆಗಬಹುದು. ಡಿರೋಜನ್ ವಿಷಯದಲ್ಲಿ ಲೆಕ್ಕ ಸರಿಯಾಯಿತು. ಅಣ್ಣನ ವಿಷಯದಲ್ಲೂ, ನನ್ನ ಶೀಟ್ ಪ್ರಕಾರ, ಸರಿಯಾಗೇ ಇತ್ತು. ಆ ಹುಡುಗಿ ಈಗ ನಮ್ಮ ಟೀಮಿನ ಬೆನ್ನೆಲುಬು. ಆದರೆ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಬಾಕಿ ತೀರುವುದಿಲ್ಲ. ಅದರ ಖಾತೆ ಬೇರೆ. ಹುಬ್ಬಳ್ಳಿ ಇದನ್ನು ಅವತ್ತು ಉಪ್ಪಿಟ್ಟು ಬಿಟ್ಟು ಹೇಳಿದ್ದ, ಅಣ್ಣ ಡಬ್ಬಿ ಮುಚ್ಚುತ್ತಾ ಹೇಳಿದ್ದರು. ನನಗೆ ಕೇಳಿಸಿರಲಿಲ್ಲ.

ನಮ್ಮ ವಾದ ಇನ್ನೂ ನಡೆಯುತ್ತೆ. ಈ ಜುಲೈನಲ್ಲೂ ಯಾರನ್ನು ಬಿಡಬೇಕು, ಯಾರನ್ನು ತರಬೇಕು ಅಂತ ಹುಬ್ಬಳ್ಳಿ ಜೊತೆ ಫೋನ್‌ನಲ್ಲಿ ಗಂಟೆಗಟ್ಟಲೆ ಜಗಳ ಆಡಿದೆ. ನಾನು ಈಗಲೂ ಲೆಕ್ಕದ ಮನುಷ್ಯನೇ. ದಿಢೀರಂತ ಬದಲಾಗಿಬಿಟ್ಟೆ ಅಂತ ಹೇಳಿದರೆ ಹುಬ್ಬಳ್ಳಿ ನಗುತ್ತಾನೆ.

ಮೊನ್ನೆ ಟೀಮಿನ ಒಬ್ಬ ಹುಡುಗ, ತುಮಕೂರಿನವನು, ಹೊಸದಾಗಿ ಮದುವೆಯಾದವನು, ಕಾಫಿ ಮೆಷಿನ್ ಹತ್ತಿರ ಸಿಕ್ಕು ಮೆತ್ತಗೆ ಕೇಳಿದ, ‘ಸರ್, ಮತ್ತೆ ರೀ-ಆರ್ಗ್ ಅಂತಿದಾರೆ. ನಮ್ಮ ಟೀಮ್ ಸೇಫ್ ತಾನೆ?’

ಹೊಸ ಶೀಟ್ ಇನ್ನೂ ಬಂದಿರಲಿಲ್ಲ. ಬರುತ್ತೆ ಅನ್ನುವ ವಾಸನೆ ಮಾತ್ರ ಇತ್ತು.

‘ನನಗೆ ಗೊತ್ತಿಲ್ಲಪ್ಪ’ ಅಂದೆ. ‘ಗೊತ್ತಾದರೂ ಹೇಳೋ ಹಾಗಿರಲ್ಲ.’

ಅವನ ಮುಖ ಸಣ್ಣದಾಯಿತು. ಕಪ್ ಎತ್ತಿಕೊಂಡು ಹೊರಟ.

‘ಕೇಳಿಲ್ಲಿ’ ಅಂದೆ. ‘ಮನೆ ತಗೋತೀನಿ ಅಂತಿದ್ದೆಯಲ್ಲ. ಸಹಿ ಹಾಕಿಬಿಟ್ಟೆಯಾ?’

‘ಇಲ್ಲ ಸರ್. ಮುಂದಿನ ವಾರ.’

‘ಎರಡು ತಿಂಗಳು ತಡಿ’ ಅಂದೆ.